ಏಲಕ್ಕಿ ಜೀಪಿನ ಸಂಘಕ್ಕೆ ಎರಡು ‘ನಾವು’

ಸಂಘ ರಿಜಿಸ್ಟರ್ ಆಗಬೇಕಾದರೆ ಎಷ್ಟು ಜನ ಬೇಕು ಗೊತ್ತಾ ಅಂತ ವಕೀಲರು ತಮಿಳಿನಲ್ಲಿ ಕೇಳಿದರು. ನಾನು ಏಳು ಅಂದೆ. ನನ್ನ ಹಿಂದೆ ಕೂತಿದ್ದವಳು ನೂರು ಅಂದಳು. ವಕೀಲರು ಕನ್ನಡಕವನ್ನು ಹಣೆಗೇರಿಸಿ, ನನ್ನನ್ನು ದಾಟಿ ಅವಳ ಕಡೆ ನೋಡಿದರು. "ಇಬ್ಬರು ಹೇಳಿದ್ದೂ ಸರಿ. ಅರ್ಜಿಗೆ ಸಹಿ ಹಾಕೋಕೆ ಏಳು ಜನ ಸಾಕು. ಆದರೆ ಅರ್ಜಿ ಕೊಡೋ ದಿನ ಆ ಕಸುಬಿನಲ್ಲಿರೋರ ಪೈಕಿ ನೂರಕ್ಕೆ ಹತ್ತು ಜನ, ಇಲ್ಲಾ ಒಟ್ಟು ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸಂಘದ ಸದಸ್ಯರಾಗಿರಬೇಕು," ಅಂದರು.

ಇಬ್ಬರು ಹೇಳಿದ್ದೂ ಸರಿ ಅನ್ನೋ ಮಾತು ನಮ್ಮ ಹೆಂಗಸರ ಕಿವಿಗೆ ಬೀಳಲೇ ಇಲ್ಲ. ಪೆರಿಯಕುಳಂನಿಂದ ಕಂಬಂಗೆ ವಾಪಸು ಬರೋ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳದೇ ಗುಣಗಾನ. ತೇನಿ ಬಂತು, ಚಿನ್ನಮನೂರು ಬಂತು, ಅವಳ ಸುದ್ದಿ ಮುಗಿಯಲಿಲ್ಲ. "ಪಟ್ಟಂತ ನೂರು ಅಂದ್ಲು ನೋಡು, ವಕೀಲ್ರೇ ಅಸಂದು ಓದ್ರು," ಅಂತ ನನ್ನ ಪಕ್ಕದಲ್ಲಿ ಕೂತವಳು ನನಗೇ ಹೇಳುತ್ತಾಳೆ. ಅಸಂದು ಹೋಗೋದು ಅಂದರೆ ನಮ್ಮಲ್ಲಿ ಬೆರಗಾಗೋದು. ನಾನು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತೆ. ಅವತ್ತಿನಿಂದ ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಅವಳಿಗೆ ಹೆಸರಿದೆ. ಆದರೆ ನಮ್ಮ ಬೀದಿಯಲ್ಲಿ ಎಲ್ಲರೂ ಕರೆಯೋದು ಮೈಸೂರಿನವಳು ಅಂತಲೇ. ನಮ್ಮ ಬೀದಿಯ ಹುಡುಗನನ್ನು ಕಟ್ಟಿಕೊಂಡು ಕಂಬಂ ಕಣಿವೆಗೆ ಬಂದವಳು. ತನ್ನೂರಿನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸಕ್ಕಿದ್ದಳಂತೆ, ಅಲ್ಲಿನ ಸಂಘದಲ್ಲಿ ಓಡಾಡಿದ್ದಳಂತೆ. ನಾವೋ, ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಅಂತ ಬದುಕಿಕೊಂಡು ಬಂದ ಜನ. ನಮ್ಮ ಕನ್ನಡದಲ್ಲಿ ಹಕಾರ ಎಷ್ಟೋ ಸಲ ಬಿದ್ದು ಹೋಗುತ್ತೆ, ಅರ್ಧಕ್ಕರ್ಧ ತಮಿಳು. ಅವಳು ಬಾಯಿ ಬಿಟ್ಟರೆ ಟಿವಿಯಲ್ಲಿ ಬರೋ ಹಾಗೆ ಕನ್ನಡ ಉದುರುತ್ತಿತ್ತು. ನಮ್ಮ ಮುದುಕಿಯರು ಅವಳನ್ನು ಕೂರಿಸಿಕೊಂಡು ಸುಮ್ಮನೆ ಮಾತಾಡಿಸೋರು. "ಇದು ಕಣಮ್ಮ ನಿಜವಾದ ಕನ್ನಡ," ಅಂತ ನಮ್ಮತ್ತೆಯೇ ಹೇಳಿದರು. ಹಾಗಾದರೆ ಇಷ್ಟು ವರ್ಷ ನಾನು ಆಡಿದ್ದು ಸುಳ್ಳು ಕನ್ನಡವಾ? ಈಗ ಇದನ್ನು ಬರೆಯುತ್ತಿರೋ ಕನ್ನಡ ಅಕ್ಷರ ಕೂಡ ಅವಳು ಕಲಿಸಿದ್ದೇ. ಅದೂ ಒಂದು ಹೊಟ್ಟೆಉರಿ.

ನಮ್ಮ ಕೆಲಸ ಏಲಕ್ಕಿ ಕೊಯ್ಯೋದು. ತೋಟಗಳೆಲ್ಲ ಬೆಟ್ಟದ ಮೇಲೆ, ಕೇರಳದಲ್ಲಿ. ನಾವು ಮಲಗೋದು ಏಳೋದು ತಮಿಳುನಾಡಿನಲ್ಲಿ. ಬೆಳಕು ಹರಿಯೋ ಮುಂಚೆ ಜೀಪು ಬೀದಿಗೆ ಬರುತ್ತೆ. ಹಿಡಿ ಇರೋ ತೂಕುಪಾತ್ರೆಯಲ್ಲಿ ಅನ್ನ ತುಂಬಿಕೊಂಡು ಹತ್ತಿದರೆ ಕಂಬಂಮೆಟ್ಟಿನ ತಿರುವುಗಳನ್ನು ಏರಿ, ಚೆಕ್‌ಪೋಸ್ಟ್ ದಾಟಿ ತೋಟ. ಇಡೀ ದಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲೆ ಹರಡಿದ ಗೊಂಚಲಿನಲ್ಲಿ ಬಲಿತ ಕಾಯನ್ನಷ್ಟೇ ಬೆರಳಲ್ಲಿ ತಡವಿ ಬಿಡಿಸಬೇಕು. ಎಳೆಯದು ಬಂದರೆ ಮೇಸ್ತ್ರಿಯ ಬೈಗುಳ. ಕಾಲಿಗೆ ಜಿಗಣೆ. ಸಂಜೆ ಅದೇ ಜೀಪಿನಲ್ಲಿ ಇಳಿಯೋದು. ಒಂದು ಜೀಪಿಗೆ ಹತ್ತೋ ಹೆಂಗಸರ ಗುಂಪಿಗೆ ಸೆಟ್ಟು ಅಂತೀವಿ. ಮನೆ ಮನೆಗೆ ಹೋಗಿ ಸೆಟ್ಟು ಕೂಡಿಸೋಳಿಗೆ ಡ್ರೈವರ್ ಪಕ್ಕದ ಮುಂದಿನ ಸೀಟು. ಮಿಕ್ಕವರೆಲ್ಲ ಹಿಂದೆ, ಮಂಡಿಗೆ ಮಂಡಿ ತಾಕಿಸಿಕೊಂಡು. ನಮ್ಮ ಸೆಟ್ಟಿನ ಮುಂದಿನ ಸೀಟು ಎಷ್ಟೋ ಕಾಲದಿಂದ ನನ್ನದು. ಮೈಸೂರಿನವಳು ಕೆಲಸಕ್ಕೆ ಹತ್ತೋದು ನಮ್ಮ ಬೀದಿಯ ಇನ್ನೊಂದು ಸೆಟ್ಟಿನ ಜೀಪು.

ಒಂದು ಮಳೆಗಾಲ ತಿರುವಿನಲ್ಲಿ ನಮ್ಮ ಜೀಪು ಮಗುಚಿತು. ನನಗೆ ಮೊಣಕೈ ತರಚಿತು, ಅಷ್ಟೆ. ಹಿಂಬಾಗಿಲ ಹತ್ತಿರ ಕೂತಿದ್ದ ನನ್ನ ಓರಗಿತ್ತಿಯ, ಅಂದರೆ ನನ್ನ ಮೈದುನನ ಹೆಂಡತಿಯ, ಸೊಂಟ ಮುರಿಯಿತು. ತೋಟದ ಮ್ಯಾನೇಜರ್, "ಅವಳ ಹೆಸರೂ ನನಗೆ ಗೊತ್ತಿಲ್ಲ. ಅವಳು ನಮ್ಮ ಆಳಲ್ಲ, ಜೀಪಿನವನು ತಂದ ಆಳು," ಅಂದ. ಜೀಪಿನವನು, "ನಾನು ಬಾಡಿಗೆ ಹೊಡೆಯೋನು, ನನಗ್ಯಾಕೆ ಆಳು?" ಅಂದ. ನಾನು ಮತ್ತೆ ಮ್ಯಾನೇಜರ್ ಹತ್ತಿರ ಹೋದೆ. "ಕೇಳೋಕೆ ನೀನು ಯಾರು?" ಅಂದ. ಓರಗಿತ್ತಿ ಅಂದೆ. "ಹಾಗಾದರೆ ಮನೆಗೆ ಹೋಗಿ ಅವಳಿಗೆ ಗಂಜಿ ಕಾಯಿಸಿ ಕೊಡು," ಅಂತ ಹೇಳಿ ಒಳಗೆ ಹೋದ.

ಆ ಮಾತು ಮುಳ್ಳಿನ ಹಾಗೆ ನೆಟ್ಟುಕೊಂಡಿತು. ಕೇಳೋ ಹಕ್ಕು ಯಾರಿಗಿದೆ ಅಂತ ಅವರಿವರನ್ನು ವಿಚಾರಿಸಿದೆ. ರಿಜಿಸ್ಟರ್ ಆದ ತೊಳಿರ್‌ಸಂಗಂ ಇದ್ದರೆ, ಅಂದರೆ ಕಾರ್ಮಿಕ ಸಂಘ ಇದ್ದರೆ, ಕೇಳಬಹುದು ಅಂದರು. ಪೆರಿಯಕುಳಂನ ವಯಸ್ಸಾದ ವಕೀಲರೊಬ್ಬರು ಈ ಕೆಲಸ ಮಾಡಿಕೊಡುತ್ತಾರೆ ಅಂತ ಹುಡುಕಿದವಳೂ ನಾನೇ. ಮೊದಲು ಬಾಯಿ ಬಿಟ್ಟವಳು ನಾನು ಅನ್ನೋದನ್ನು ಇವತ್ತು ಯಾರಾದರೂ ನೆನಪಿಸಿಕೊಳ್ಳುತ್ತಾರಾ? ಇಲ್ಲ.

ಸಂಘಕ್ಕೆ ನಿಯಮಾವಳಿ ಬೇಕು. ಹೆಸರೇನು, ಉದ್ದೇಶವೇನು, ಯಾರು ಸೇರಬಹುದು, ಪದಾಧಿಕಾರಿಗಳನ್ನು ಆರಿಸೋದು ಹೇಗೆ, ಕಿತ್ತು ಹಾಕೋದು ಹೇಗೆ, ಕೊನೆಗೆ ಸಂಘ ಮುಚ್ಚೋದು ಹೇಗೆ ಅನ್ನೋದನ್ನೂ ಬರೆದಿರಬೇಕು. ಹುಟ್ಟೋ ಮುಂಚೆ ಸಾಯೋ ಮಾತು ಬರೆಯೋದಾ ಅಂತ ನಮ್ಮತ್ತೆ ಗೊಣಗಿದರು. ಭಾನುವಾರ ಭಾನುವಾರ ಓರಗಿತ್ತಿಯ ಮನೆ ಜಗಲಿಯಲ್ಲಿ ಕೂತು ಒಂದೊಂದೇ ಚರ್ಚೆ ಮಾಡಿದೆವು. ಒಳಗೆ ಮಂಚದ ಮೇಲೆ ಮಲಗಿದ್ದ ಅವಳಿಗೂ ಕೇಳಲಿ ಅಂತ ಬಾಗಿಲು ತೆಗೆದಿಟ್ಟಿರುತ್ತಿದ್ದೆವು.

ಯಾರು ಸದಸ್ಯರು ಅನ್ನೋದಕ್ಕೇ ದೊಡ್ಡ ಜಗಳ ಎದ್ದಿತು. ಕಾಯಿದೆ ಹೇಳೋದು ಕೆಲಸದಲ್ಲಿರೋರು ಅಂತ. ಹಾಗಾದರೆ ಸೊಂಟ ಮುರಿದು ಮಲಗಿರೋಳು? ಪೆಟ್ಟು ಬಿದ್ದು ಕೂತವರೂ ನಮ್ಮವರೇ ಅಂತ ನನ್ನ ಬಾಯಿ ತುದಿಗೆ ಬಂದಿತ್ತು, ಅಷ್ಟರಲ್ಲಿ ಮೈಸೂರಿನವಳು, "ಕೆಲ್ಸದಲ್ಲಿ ಪೆಟ್ಟಾಗಿ ಮನೇಲಿರೋರೂ ಸದಸ್ಯರು ಅಂತ ಬರ್ಸೋಣ ಕಣಕ್ಕ, ವಕೀಲರ್ನ ಕೇಳ್ಕೊಂಡು," ಅಂದುಬಿಟ್ಟಳು. ಎಲ್ಲರೂ ತಲೆ ಆಡಿಸಿದರು. ಒಳಗಿನಿಂದ ಓರಗಿತ್ತಿಯ ದನಿ: "ಆ ಮಾತು ಅಂದದ್ದು ಮೈಸೂರು ಪುಳ್ಳೆ ತಾನೇ?" ಪುಳ್ಳೆ ಅಂದರೆ ಹುಡುಗಿ. ಅವಳಿಗೆ ದಿನಾ ಬೆಳಗ್ಗೆ ಎದ್ದು ಮೈ ಒರೆಸಿ ಗಂಜಿ ಕುಡಿಸಿ ಜೀಪು ಹತ್ತೋಳು ನಾನು. ದನಿ ಗುರುತಿಸಿ ಹಾಡಿ ಹೊಗಳೋದು ಇವಳನ್ನ. ನನಗೆ ಮೈ ಪರಚಿಕೊಳ್ಳೋ ಹಾಗಾಯಿತು.

ಇನ್ನೊಂದು ಭಾನುವಾರ ಹೊಸ ಕಾಯಿದೆಯ ಮಾತು ಬಂತು. ದಿಲ್ಲಿಯಲ್ಲಿ ಪಾಸಾಗಿದೆ, ಇನ್ನೂ ಜಾರಿಗೆ ಬಂದಿಲ್ಲ, ಬಂದರೆ ಮಾಲೀಕ ಒಂದು ಸಂಘದ ಜೊತೆ ಮಾತಾಡಲೇಬೇಕು ಅನ್ನಿಸಿಕೊಳ್ಳೋಕೆ ಹಾಜರಿ ಪುಸ್ತಕದಲ್ಲಿರೋ ನೂರು ಜನರಲ್ಲಿ ಐವತ್ತೊಂದು ಜನ ಆ ಸಂಘದಲ್ಲಿರಬೇಕಂತೆ ಅಂತ ವಕೀಲರು ಹೇಳಿ ಕಳಿಸಿದ್ದರು. "ನಮ್ಮ ಹೆಸರು ಯಾವ ಹಾಜರಿ ಪುಸ್ತಕದಲ್ಲೈತೆ?" ಅಂತ ಒಬ್ಬಳು ಕೇಳಿದಳು. "ಜೀಪಿನ ಟೈರಲ್ಲಿ," ಅಂತ ಇನ್ನೊಬ್ಬಳು. ಎಲ್ಲರೂ ನಕ್ಕರು. ಹೊಸದು ಬರೋ ಮುಂಚೆ ಹಳೇ ಕಾಯಿದೆಯಲ್ಲೇ ಸಂಘ ಹುಟ್ಟಲಿ, ಹಾಜರಿಗಾಗಿ ಆಮೇಲೆ ಜಗಳ ಆಡೋಣ ಅಂತ ತೀರ್ಮಾನವಾಯಿತು.

ಆಮೇಲೆ ಪದಾಧಿಕಾರಿಗಳ ಪ್ರಶ್ನೆ. ನಮ್ಮಂಥ ಚದುರಿದ ಕೆಲಸದವರ ಸಂಘದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಪದಾಧಿಕಾರಿಗಳು ಆ ಕೆಲಸ ಮಾಡೋರೇ ಆಗಿರಬೇಕು, ಮಿಕ್ಕವರು ಹೊರಗಿನವರಾದರೂ ನಡೆಯುತ್ತೆ. ಹೊರಗಿನವರು ಒಬ್ಬರೂ ಬೇಡ ಅಂತ ಮೈಸೂರಿನವಳು ಹಠ ಹಿಡಿದಳು. "ನಮ್ ಫ್ಯಾಕ್ಟ್ರೀಲಿ ಹೊರಗಿನೋನೊಬ್ಬ ಬಂದು ತಲೆ ಮೇಲೆ ಕೂತ್ಕೊಂಡ ಕಣಕ್ಕ, ಆಮೇಲೆ ನಮ್ ಮಾತು ಯಾರಿಗೂ ಬೇಕಾಗ್ಲಿಲ್ಲ." ನಾನು ಪಟ್ಟು ಬಿಡಲಿಲ್ಲ. ತಲೈವಿ, ಅಂದರೆ ಅಧ್ಯಕ್ಷೆಯ ಸ್ಥಾನದಲ್ಲಿ ವಕೀಲರೇ ಕೂರಲಿ, ಕಾಯಿದೆ ಬಲ್ಲವರು, ಅಧಿಕಾರಿಗಳು ಹೆದರುತ್ತಾರೆ ಅಂತ ಒಂದು ಗಂಟೆ ವಾದ ಮಾಡಿದೆ. ಕಾಯಿದೆಯೂ ಅಲ್ಲ, ಮಣ್ಣೂ ಅಲ್ಲ. ಆ ಸ್ಥಾನ ನನಗೆ ಸಿಗದಿದ್ದರೂ ಸರಿ, ಅವಳಿಗೆ ಸಿಗದಿದ್ದರೆ ಸಾಕಿತ್ತು. ವಕೀಲರು ಫೋನಿನಲ್ಲೇ ಕೈ ಮುಗಿದುಬಿಟ್ಟರು: "ಅಮ್ಮಾ, ನನ್ನ ಮಂಡಿಗೆ ಆ ಬೆಟ್ಟ ಆಗಲ್ಲ. ನೀವೇ ಯಾರಾದರೂ ಆಗಿ."

ದಿಂಡುಕ್ಕಲ್ಲಿನ ಕಾರ್ಮಿಕ ಇಲಾಖೆ ಕಚೇರಿಗೆ ವಕೀಲರ ಜೊತೆ ನಾವು ಮೂರು ಜನ ಹೋದೆವು. ಅಧಿಕಾರಿ ನಿಯಮಾವಳಿಯ ಮೊದಲ ಹಾಳೆಯಲ್ಲೇ ನಿಂತುಬಿಟ್ಟರು. "ತೋಟ ಕೇರಳದಲ್ಲಿ, ಮಾಲೀಕರು ಕೇರಳದಲ್ಲಿ. ಇಲ್ಲಿಗೆ ಯಾಕೆ ಬಂದಿರಿ? ಬೆಟ್ಟ ಹತ್ತಿ ಅಲ್ಲೇ ಮಾಡಿಸಿ," ಅಂತ ಹಾಳೆಗಳನ್ನು ನಮ್ಮ ಕಡೆ ತಳ್ಳಿದರು. ಅಲ್ಲಿ ಹೋದರೆ, ನೀವು ಇರೋದು ಕೆಳಗೆ, ಸಂಘದ ಆಫೀಸು ಕೆಳಗೆ, ಇಲ್ಲಿಗೆ ಯಾಕೆ ಬಂದಿರಿ ಅಂತಾರೆ ಅನ್ನೋದು ವಕೀಲರಿಗೆ ಗೊತ್ತಿತ್ತು. ಮೈಸೂರಿನವಳು ತನ್ನ ಮುರುಕು ತಮಿಳಿನಲ್ಲಿ ಏನೋ ಹೇಳೋಕೆ ಹೋದಳು. ಅಧಿಕಾರಿ ನಕ್ಕು, "ಯಾವ ಊರಮ್ಮ ನಿಂದು?" ಅಂದರು. ಮೈಸೂರು ಅಂದದ್ದೇ ತಡ, ದಸರಾ ನೋಡೋಕೆ ಹೋಗಿದ್ದ ಕಥೆ ಶುರುವಾಯಿತು. ನಮ್ಮ ಕೆಲಸ ಪಕ್ಕಕ್ಕೆ. ನನಗೆ ತಡೆಯಲಿಲ್ಲ. "ಅಯ್ಯಾ, ನಮ್ಮ ತೋಟ ವಾರಕ್ಕೊಂದು ಬದಲಾಗುತ್ತೆ, ಮಾಲೀಕ ಬದಲಾಗ್ತಾನೆ. ಬದಲಾಗದೆ ಇರೋದು ನಾವು ಜೀಪು ಹತ್ತೋ ಜಾಗ ಒಂದೇ. ಸಂಘ ಅಲ್ಲಿ ಇರದೆ ಇನ್ನೆಲ್ಲಿರಬೇಕು?" ಅಂದೆ.

ಅಧಿಕಾರಿ ದಸರಾ ಬಿಟ್ಟು ನನ್ನ ಕಡೆ ತಿರುಗಿದರು. ವಕೀಲರು ಸಮಯ ನೋಡಿ ಕಾಯಿದೆ ತೆಗೆದರು: ಒಂದೇ ರಾಜ್ಯಕ್ಕೆ ಸೇರದ ಸಂಘವಾದರೆ ಅದು ಕೇಂದ್ರದ ಅಧಿಕಾರ, ಆ ಅಧಿಕಾರವನ್ನು ಮುಖ್ಯ ಕಚೇರಿ ಇರೋ ರಾಜ್ಯದವರಿಗೆ ವಹಿಸಿಕೊಟ್ಟಿದೆ. ಅಧಿಕಾರಿ ಯಾರಿಗೋ ಫೋನ್ ಮಾಡಿದರು, ಒಂದು ಹಳೇ ಪುಸ್ತಕ ತರಿಸಿ ತಿರುವಿದರು. ಕೊನೆಗೆ ಒಪ್ಪಿದರು. ಉದ್ದೇಶದ ಕಲಮಿನಲ್ಲಿ ಎರಡೂ ರಾಜ್ಯ ಅಂತ ಬರೆಸಿ, ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ತಗೊಂಡು, ನೂರು ಜನ ಸದಸ್ಯರಿರೋ ದಾಖಲೆಯೊಂದಿಗೆ ಬನ್ನಿ ಅಂದರು. ಮೆಟ್ಟಿಲು ಇಳಿಯುತ್ತಾ ಯಾರಾದರೂ ನನಗೆ ಭೇಷ್ ಅಂತಾರೆ ಅಂತ ಕಾದೆ. ಜೊತೆಗೆ ಬಂದಿದ್ದ ಹೆಂಗಸು, "ಮೈಸೂರಿನವಳು ನಗ್ತಾ ಮಾತಾಡಿದ್ದಕ್ಕೇ ಆ ಅಯ್ಯಾ ಒಪ್ಪಿದ್ದು," ಅಂದಳು. ದೇವರೇ!

ಈಗ ನೂರು ಜನದ ಪ್ರಶ್ನೆ. ನಮ್ಮ ಕನ್ನಡದ ಬೀದಿಗಳ ಸೆಟ್ಟುಗಳನ್ನೆಲ್ಲ ಕೂಡಿಸಿದರೂ ನೂರು ಮುಟ್ಟೋದಿಲ್ಲ. ಕೆಳಬೀದಿಯವರು ಬಂದರೆ ಮಾತ್ರ ಆಗೋ ಮಾತು. ಅವರು ತಮಿಳಿನವರು, ನಮಗಿಂತ ಹಳಬರು ಈ ಕೆಲಸಕ್ಕೆ. ಆದರೆ ನಮ್ಮ ಜೀಪಿಗೆ ಅವರು ಹತ್ತೋದಿಲ್ಲ, ಅವರ ಜೀಪಿಗೆ ನಾವು ಹತ್ತೋದಿಲ್ಲ. ಬೇಡ ಅಂತ ಯಾರೂ ಬಾಯಿ ಬಿಟ್ಟು ಹೇಳಿಲ್ಲ, ಹಾಗೇ ನಡೆದುಕೊಂಡು ಬಂದಿದೆ. ಮೈಸೂರಿನವಳಿಗೆ ಇದು ಯಾವುದೂ ಗೊತ್ತಿಲ್ಲದೆ ಕೆಳಬೀದಿಗೆ ಹೋಗಿ, ಮನೆ ಮನೆಯಲ್ಲಿ ಕೂತು, ನೀರು ಕೇಳಿ ಕುಡಿದು, ಸಭೆಗೆ ಕರೆದು ಬಂದಳು. ಬರುತ್ತಾರೆ ಅಂತ ನಾನಂತೂ ನಂಬಿರಲಿಲ್ಲ. ಬಂದರು. ತುಂಬ ಜನ ಬಂದರು. ಮುಂದೆ ಅವರ ಸೆಟ್ಟು ಕೂಡಿಸೋ ಅಕ್ಕ, ಎಲೆ ಅಡಿಕೆ ಹಾಕಿಕೊಂಡ ಗಟ್ಟಿ ಹೆಂಗಸು.

ಸಭೆ ನಡೆದದ್ದು ಜೀಪುಗಳು ನಿಲ್ಲೋ ಹುಣಸೆಮರದ ಕೆಳಗೆ. ನಮ್ಮವರು ನೆರಳಲ್ಲಿ ಕೂತಿದ್ದರು, ಕೆಳಬೀದಿಯವರು ಆಚೆ ಅಂಚಿನಲ್ಲಿ ನಿಂತಿದ್ದರು. ನೀನು ಕನ್ನಡದಲ್ಲಿ ಹೇಳು, ನಾನು ತಮಿಳಿಗೆ ತಿರುಗಿಸುತ್ತೀನಿ ಅಂತ ಮೈಸೂರಿನವಳಿಗೆ ಅಂದೆ. "ಬ್ಯಾಡ ಅಕ್ಕ, ಅವ್ರ ಭಾಷೇಲೇ ಹೇಳಿದ್ರೆ ಚಂದ. ಕಲ್ತ್ಕೊಂಡು ಬಂದಿದೀನಿ," ಅಂದಳು. ಅದಕ್ಕೂ ನಾನು ಬೇಡವಾದೆ. ಅವಳು ಎದ್ದು ನಿಂತು, ಕೈ ಜೋಡಿಸಿ, ನಗುತ್ತಾ, ಕೆಳಬೀದಿಯವರನ್ನೇ ನೋಡಿಕೊಂಡು ಹೇಳಿದಳು:

"ಇಂದ ಸಂಗತ್ತೆ ನಾಂಗದಾ ನಡತ್ತುವೋಂ. ವೆಳಿ ಆಳು ಯಾರುಂ ಉಳ್ಳೆ ವರಕ್ಕೂಡಾದು."

ಈ ಸಂಘವನ್ನು ನಾವೇ ನಡೆಸೋದು, ಹೊರಗಿನವರು ಯಾರೂ ಒಳಗೆ ಬರಬಾರದು. ಅವಳು ಹೇಳೋಕೆ ಹೊರಟದ್ದು ಪಾರ್ಟಿಯವರು, ಮಾಲೀಕನ ಕಡೆಯವರು ಬರಬಾರದು ಅಂತ. ಆದರೆ ತಮಿಳಿನಲ್ಲಿ ನಾವು ಅನ್ನೋದಕ್ಕೆ ಎರಡು ಮಾತಿದೆ. ನಾಮ ಅಂದರೆ ಎದುರು ಕೂತು ಕೇಳುತ್ತಿರೋ ನೀವೂ ಸೇರಿ ನಾವು. ನಾಂಗ ಅಂದರೆ ನಿಮ್ಮನ್ನು ಬಿಟ್ಟು ನಾವು. ಕನ್ನಡದಲ್ಲಿ ಇರೋದು ಒಂದೇ ನಾವು. ಅವಳು ಆರಿಸಿಕೊಂಡದ್ದು ನಾಂಗ. ಬಿಸಿಲಲ್ಲಿ ಅಂಚಿಗೆ ನಿಂತವರ ಮುಖ ನೋಡಿಕೊಂಡು, ನಗುನಗುತ್ತಾ, ನೀವು ಹೊರಗೆ ಅಂದುಬಿಟ್ಟಳು.

ಕೆಳಬೀದಿಯ ಅಕ್ಕ ಬಾಯಲ್ಲಿದ್ದ ಎಲೆ ಅಡಿಕೆ ಉಗಿದಳು. "ಸರಿಮ್ಮ. ನೀಂಗಳೇ ನಡತ್ತುಂಗ," ಅಂದಳು. ನೀವೇ ನಡೆಸಿಕೊಳ್ಳಿ. ತಿರುಗಿ ಹೊರಟಳು, ಅವಳ ಹಿಂದೆ ಎಲ್ಲರೂ. ಮೈಸೂರಿನವಳು ಕೈ ಜೋಡಿಸಿಕೊಂಡು ಹಾಗೇ ನಿಂತಿದ್ದಳು, ಏನಾಯಿತು ಅಂತಲೇ ತಿಳಿಯದೆ. ನನಗೆ ಆ ಕ್ಷಣವೇ ತಿಳಿದಿತ್ತು. ತಮಿಳು ಕುಡಿದು ಬೆಳೆದವಳು ನಾನು. ಆದರೂ ಎದ್ದು ಕೂಗಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಗಿತ್ತು. ನಿಮ್ಮ ನಿಜವಾದ ಕನ್ನಡದ ಗತಿ ನೋಡಿ ಅಂತ ನಮ್ಮತ್ತೆಯ ಕಡೆ ನೋಡಿದೆ.

ಆ ಸಂತೋಷ ಓರಗಿತ್ತಿಯ ಮನೆ ಬಾಗಿಲವರೆಗೆ ಇತ್ತು. "ಆಯ್ತಾ ಅಕ್ಕ?" ಅಂತ ಒಳಗಿನಿಂದ ಕೇಳಿದಳು. ಆಗಲಿಲ್ಲ, ಕೆಳಬೀದಿಯವರು ಎದ್ದು ಹೋದರು, ಮೈಸೂರಿನವಳು ನಾಂಗ ಅಂದಳು ಅಂತ ಸ್ವಲ್ಪ ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. "ನೀನು ಅಲ್ಲೇ ಇದ್ಯಲ್ಲ?" ಅಂದಳು. ಇದ್ದೆ ಅಂದೆ. "ಅಕ್ಕ, ಯಾರು ತಲೈವಿ ಆದ್ರೂ ನಂಗೆ ಒಂದೇ. ಆ ಮ್ಯಾನೇಜರು ನನ್ನ ಹೆಸ್ರು ಗೊತ್ತಿಲ್ಲ ಅಂದನಲ್ಲ, ಅವನ ಮುಂದೆ ನನ್ನ ಹೆಸ್ರು ಯಾರಾದ್ರೂ ಹೇಳಿ. ಅಷ್ಟು ಸಾಕು," ಅಂದು ಗೋಡೆ ಕಡೆ ಮುಖ ಮಾಡಿದಳು. ನಾನು ಗಂಜಿ ಬಿಸಿ ಮಾಡಿದೆ. ಅವಳು ಕುಡಿಯಲಿಲ್ಲ.

ಮರುದಿನ ಜೀಪಿನಿಂದ ಇಳಿದದ್ದೇ ಮೈಸೂರಿನವಳ ಮನೆಗೆ ಹೋದೆ. "ಏಯ್ ಪುಳ್ಳೆ, ನಾಮ ಅನ್ನೋ ಕಡೆ ನಾಂಗ ಅಂದ್ಯಲ್ಲ, ಯಾಕೆ?" ಅಂತ ಬಿಡಿಸಿ ಹೇಳಿದೆ. ಅವಳು ಎರಡೂ ಕೈ ತಲೆ ಮೇಲೆ ಹೊತ್ತುಕೊಂಡಳು. "ಅಯ್ಯಯ್ಯೋ ಅಕ್ಕ! ಎರಡೂ ಒಂದೇ ಅಂದ್ಕೊಂಡಿದ್ದೆ. ನಾಮ ಅನ್ನೋಕೆ ಬಾಯಿ ಬರ್ಲಿಲ್ಲ ಕಣಕ್ಕ. ನಮ್ ಕಡೆ ನಾಮ ಹಾಕೋದು ಅಂದ್ರೆ ಮೋಸ ಮಾಡೋದು. ಸಂಘದ ಮೊದಲ್ನೇ ಮಾತಿಗೇ ನಾಮ ಅಂದ್ರೆ ಏನ್ ಚಂದ ಅಂತ ನಾಂಗ ಅಂದೆ!" ನಗಬಾರದು ಅಂತ ತುಟಿ ಕಚ್ಚಿದೆ. ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಅಳುತ್ತಾ ನಕ್ಕಳು. ಆಮೇಲೆ ಇಬ್ಬರೂ ಕೆಳಬೀದಿಗೆ ನಡೆದೆವು. ಹುಟ್ಟಿದ ಊರಿನಲ್ಲಿ ಆ ಬೀದಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ದಾರಿ ಅವಳೇ ತೋರಿಸಿದಳು.

ಕೆಳಬೀದಿಯ ಅಕ್ಕ ಬಾಗಿಲಲ್ಲಿ ಅಕ್ಕಿ ಕೇರುತ್ತಾ ಕೂತಿದ್ದಳು. ನಾನು ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ, ನಾಮ ಹಾಕೋ ಕಥೆಯನ್ನೂ ಸೇರಿಸಿ. ನಮ್ಮ ಭಾಷೆಯಲ್ಲಿ ನಾವು ಅನ್ನೋದು ಒಂದೇ, ಅವಳು ಎಲ್ಲರನ್ನೂ ಸೇರಿಸಿಯೇ ಹೇಳಿದ್ದು ಅಂದೆ. ಅವಳು ಮೊರ ಆಡಿಸೋದು ನಿಲ್ಲಿಸಲಿಲ್ಲ.

"ಒಳಗಿರೋರಿಗೂ ಹೊರಗಿರೋರಿಗೂ ಒಂದೇ ಮಾತಾ?" ಅಂದಳು. "ಹಾಗಾದರೆ ಇಷ್ಟು ವರ್ಷ ನಿಮ್ಮ ಬೀದಿಯಲ್ಲಿ ನೀನು ನಾವು, ನಾವು ಅಂದಾಗೆಲ್ಲ ಅದರಲ್ಲಿ ನಾನು ಇದ್ದೆನಾ?"

ಇರಲಿಲ್ಲ ಅನ್ನೋದು ಅವಳಿಗೂ ಗೊತ್ತು, ನನಗೂ ಗೊತ್ತು. ಪಕ್ಕದಲ್ಲಿ ನಿಂತ ಈ ಹುಡುಗಿ ತಪ್ಪು ಮಾತು ಆಡಿದರೂ ಎಲ್ಲರನ್ನೂ ಸೇರಿಸಿಯೇ ಆಡಿದ್ದಳು. ನನ್ನ ತಮಿಳಿನಲ್ಲಿ ಒಂದು ತಪ್ಪೂ ಇರಲಿಲ್ಲ, ಅದರಿಂದ ಏನು ಬಂತು? ಅಲ್ಲೂ ಅವಳೇ ಮುಂದೆ.

ಅಕ್ಕ ಮೊರ ಕೆಳಗಿಟ್ಟಳು. "ಸಂಘ ಬೇಕು ನಮಗೂ. ನಮ್ಮ ಹೆಂಗಸರಿಗೆ ಪೆಟ್ಟು ಬಿದ್ದಿಲ್ಲವಾ? ಬರ್ತೀವಿ. ಆದರೆ ತಲೈವಿ ನೀನಾಗಬಾರದು. ನಾನೂ ಬೇಡ, ನಿಮ್ಮವರು ಒಪ್ಪಲ್ಲ. ಈ ಹುಡುಗಿ ಆಗಲಿ. ಇವಳು ನಮ್ಮನೆ ನೀರು ಕುಡಿದಿದ್ದಾಳೆ. ಅವಳ ಹೆಸರನ್ನ ಸಭೆಯಲ್ಲಿ ನೀನೇ ಎದ್ದು ಹೇಳಬೇಕು."

ಅಲ್ಲಿಂದ ಮನೆಗೆ ಬರೋವರೆಗೆ ಮೈಸೂರಿನವಳು, "ಬ್ಯಾಡ ಅಕ್ಕ, ನೀವೇ ಆಗ್ಬೇಕು, ನಂಗೆ ತಮಿಳೇ ನೆಟ್ಟಗೆ ಬರಲ್ಲ," ಅಂತಲೇ ಇದ್ದಳು. ಬಾಯಿ ಮುಚ್ಚು ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಬೆಟ್ಟ ಹತ್ತಿ ಇಳಿದವಳಿಗೆ ನಿದ್ದೆ ಬಂದೇ ಬರುತ್ತೆ. ಬೆಳಗ್ಗೆ ಎದ್ದಾಗ ಹೊಟ್ಟೆಉರಿ ಜೊತೆಯಲ್ಲೇ ಎದ್ದಿತ್ತು, ಅಷ್ಟೆ.

ಮುಂದಿನ ಭಾನುವಾರ ಅದೇ ಹುಣಸೆಮರ. ಈ ಸಲ ನೆರಳು ಬಿದ್ದ ಕಡೆ ಎಲ್ಲರೂ ಕಲೆತು ಕೂತರು, ಜಾಗ ಸಾಲದೆ ನಮ್ಮವರೇ ಒಂದಷ್ಟು ಜನ ಬಿಸಿಲಲ್ಲಿ. ನಿಯಮಾವಳಿಯನ್ನು ನಾನು ತಮಿಳಿನಲ್ಲಿ ಓದಿದೆ. ನಾವು ಅನ್ನೋ ಮಾತು ಬಂದ ಕಡೆಯೆಲ್ಲ ಎಲ್ಲರನ್ನೂ ಒಳಗೊಳ್ಳೋ ಆ ಇನ್ನೊಂದು ನಾವು ಇರೋ ಹಾಗೆ ವಕೀಲರಿಂದ ಮತ್ತೆ ಬರೆಸಿದ್ದೆವು. ಪ್ರತಿ ಸಲ ಆ ಮಾತು ಬಂದಾಗ ಕೆಳಬೀದಿಯ ಅಕ್ಕ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಕಲಮುಗಳಿಗೆ ಕೈ ಎತ್ತಿ ಒಪ್ಪಿಗೆಯಾಯಿತು. ಪದಾಧಿಕಾರಿಗಳ ಸರದಿ ಬಂತು. ನಮ್ಮ ಬೀದಿಯವರೆಲ್ಲ ನನ್ನ ಕಡೆ ನೋಡಿದರು. ನನ್ನ ಹೆಸರು ಹೇಳೋಕೆ ಅಂತ ಒಬ್ಬಳು ಎದ್ದೂ ಎದ್ದಳು. ಎಷ್ಟು ಚೆನ್ನಾಗಿ ಎದ್ದಳು ಅಂತೀರಿ! ಅವಳನ್ನು ಕೂರಿಸಿ ನಾನೇ ನಿಂತು ಮೈಸೂರಿನವಳ ಹೆಸರು ಹೇಳಿದೆ. ಅವಳ ನಿಜವಾದ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಕೆಳಬೀದಿಯ ಅಕ್ಕ ಕಾರ್ಯದರ್ಶಿ ಆದಳು. ನನಗೆ ಸಿಕ್ಕಿದ್ದು ಕಮಿಟಿ ಮೆಂಬರ್, ಅರ್ಜಿಗೆ ಸಹಿ ಹಾಕೋ ಏಳು ಜನರಲ್ಲಿ ಒಂದು ಜಾಗ. ಏಳು ಅಂತ ಹೇಳಿದವಳು ನಾನೇ ತಾನೇ, ಅನುಭವಿಸಬೇಕು.

ಎರಡು ಸಲ ತಿದ್ದುಪಡಿ ಕೇಳಿದ ಮೇಲೆ ದಿಂಡುಕ್ಕಲ್ಲಿನಿಂದ ಸರ್ಟಿಫಿಕೇಟ್ ಬಂತು. ಓರಗಿತ್ತಿ ಅದನ್ನು ಎದೆ ಮೇಲಿಟ್ಟುಕೊಂಡು ನೋಡಿದಳು. ಆ ಹೊತ್ತಿಗೆ ಗೋಡೆ ಹಿಡಿದು ಎದ್ದು ಕೂರೋಷ್ಟಾಗಿದ್ದಳು. ಮಾರನೇ ದಿನ ನಾವು ತೋಟದ ಆಫೀಸಿಗೆ ಹೊರಟೆವು, ಕೆಳಬೀದಿಯವರೂ ನಮ್ಮವರೂ ಒಂದೇ ಜೀಪಿನಲ್ಲಿ. ತಲೈವಿ ಅಂದ ಮೇಲೆ ಮುಂದಿನ ಸೀಟು ಅವಳಿಗೆ ಬಿಡಬೇಕು ಅಂತ ಹಲ್ಲು ಕಚ್ಚಿಕೊಂಡು, "ಕೂತ್ಕೋ ಮುಂದೆ," ಅಂದೆ. "ಅಯ್ಯೋ ಬ್ಯಾಡಕ್ಕ, ಆ ತಿರುವು ನೋಡಿದ್ರೆ ನಂಗೆ ವಾಂತಿ ಬತ್ತದೆ, ಹಿಂದೆ ಕಣ್ಮುಚ್ಕೊಂಡು ಕೂರ್ತೀನಿ," ಅಂದಳು. ನಾನು ಅಷ್ಟೊಂದು ಕಷ್ಟಪಟ್ಟು ಬಿಟ್ಟುಕೊಟ್ಟ ಸೀಟು ಅವಳಿಗೆ ಬೇಕಾಗಿಯೇ ಇರಲಿಲ್ಲ. ಕೆಳಬೀದಿಯ ಅಕ್ಕನನ್ನು ಪಕ್ಕಕ್ಕೆ ಕರೆದು, ಇಬ್ಬರೂ ಒತ್ತಿಕೊಂಡು ಮುಂದೆ ಕೂತೆವು.

ಅದೇ ಮ್ಯಾನೇಜರ್. ನಮ್ಮನ್ನು ಜಗಲಿಯಲ್ಲೇ ನಿಲ್ಲಿಸಿ, ಅದೇ ದನಿಯಲ್ಲಿ, "ಯಾರು ನೀವು?" ಅಂದ. ತಲೈವಿ ನನ್ನ ಕಡೆ ನೋಡಿದಳು. ತಮಿಳಿನಲ್ಲಿ ಇನ್ನೊಂದು ಸಲ ಎಡವೋ ಧೈರ್ಯ ಅವಳಿಗಿರಲಿಲ್ಲ.

"ನಾಂಗ ತೊಳಿರ್‌ಸಂಗಂ," ಅಂದೆ.

ಅವಳು ಗಾಬರಿಯಾಗಿ ನನ್ನ ಸೆರಗು ಎಳೆದಳು. "ಅಕ್ಕ, ನಾಂಗ ಅಂದ್ಬಿಟ್ರಲ್ಲ!" ಅಂತ ಕನ್ನಡದಲ್ಲಿ ಪಿಸುಗುಟ್ಟಿದಳು.

"ಇವನ ಮುಂದೆ ಅದೇ ಸರಿ ಪುಳ್ಳೆ," ಅಂದೆ.

ಹಿಂದಿನಿಂದ ಕೆಳಬೀದಿಯ ಅಕ್ಕ ನನಗಿಂತ ಗಟ್ಟಿಯಾಗಿ, "ನಾಂಗದಾ," ಅಂದಳು. ಮ್ಯಾನೇಜರ್ ಸರ್ಟಿಫಿಕೇಟಿನ ಪ್ರತಿ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದ, ಮತ್ತೆ ಓದಿದ. ಒಳಗೆ ಬನ್ನಿ ಅಂದ. ತಲೈವಿ ಯಾರು ಅಂತ ಕೇಳಿ ಒಂದು ಕುರ್ಚಿ ಹಾಕಿಸಿದ. ಒಂದೇ ಕುರ್ಚಿ. ಅವಳು ಕೂತಳು. ನಾನು ಅವಳ ಪಕ್ಕದಲ್ಲಿ ನಿಂತೆ, ಹೊಟ್ಟೆ ಚುರುಚುರು ಉರಿಯುತ್ತಿತ್ತು. ಪೆಟ್ಟು ಬಿದ್ದವಳ ಹೆಸರೇನು ಅಂತ ಅವನು ಪೆನ್ನು ತೆಗೆದ. ನಾನು ನನ್ನ ಓರಗಿತ್ತಿಯ ಹೆಸರು ಹೇಳಿದೆ. ಅವನು ಬರೆದುಕೊಂಡ.